ಒಂದೂವರೆ ಮನುಷ್ಯರ ಲೆಕ್ಕ

ಸಿಂಹಳದ ಪಾಲಿ ಚರಿತೆಯಾದ ಮಹಾವಂಶದ 25ನೆಯ ಪರಿಚ್ಛೇದದಲ್ಲಿ ಒಂದು ಪ್ರಸಂಗವಿದೆ. ತಮಿಳು ದೊರೆ ಎಳಾರನನ್ನು ಕೊಂದು ಗೆದ್ದ ದುಟ್ಠಗಾಮಣಿಗೆ ನೆಮ್ಮದಿಯಿಲ್ಲ. ಯುದ್ಧದಲ್ಲಿ ಅಳಿದ ಅಸಂಖ್ಯ ಜೀವಗಳ ನೆನಪು ಅವನನ್ನು ಸುಡುತ್ತಿದೆ. ಸಾಂತ್ವನ ಹೇಳಲು ಬಂದ ಅರ್ಹಂತರು ಅವನ ಮುಂದಿಡುವ ಲೆಕ್ಕ ವಿಲಕ್ಷಣವಾದುದು. ತ್ರಿಶರಣ ಹೊಂದಿದವನೊಬ್ಬ, ಪಂಚಶೀಲ ಸ್ವೀಕರಿಸಿದವನೊಬ್ಬ, ಇಬ್ಬರೂ ಸೇರಿ ಸತ್ತ ಮನುಷ್ಯರು ಒಂದೂವರೆ ಮಂದಿ, ಉಳಿದವರು ಪಶುಸಮಾನರು. ಪ್ರಾಣಿವಧೆಯ ತ್ಯಾಗವನ್ನೇ ಮೊದಲ ಶೀಲವೆಂದು ಬೋಧಿಸಿದ ಬುದ್ಧನ ಮಾತು ಇದಲ್ಲ. ಇದು ಗೆದ್ದ ಸಿಂಹಾಸನದ ಗಣಿತ.

ಶ್ರೀಲಂಕಾದ ಅಂತರ್ಯುದ್ಧ ಮೇ 2009ರಲ್ಲಿ ಮುಗಿದಾಗ ಈ ಗಣಿತ ಮತ್ತೆ ಕಾಣಿಸಿಕೊಂಡಿತು. ಒಬ್ಬ ನಾಗರಿಕನಿಗೂ ಹಾನಿಯಾಗದಂತೆ ಕಾರ್ಯಾಚರಣೆ ನಡೆಸುವುದೇ ತನ್ನ ನೀತಿಯೆಂದು ಸರ್ಕಾರ ಸಾರಿತ್ತು. ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿ ನೇಮಿಸಿದ ತಜ್ಞರ ಮಂಡಲಿಯಾದರೋ, ಕೊನೆಯ ಹಂತದಲ್ಲಿ 40,000ದವರೆಗೆ ನಾಗರಿಕರು ಸತ್ತಿರುವ ಸಾಧ್ಯತೆಯನ್ನು ತಳ್ಳಿಹಾಕಲಾಗದೆಂದು 2011ರಲ್ಲಿ ಹೇಳಿತು. ಸೇನೆ ತಾನೇ ಘೋಷಿಸಿದ ಸುರಕ್ಷಿತ ವಲಯಗಳ ಮೇಲೂ ಆಸ್ಪತ್ರೆಗಳ ಮೇಲೂ ಷೆಲ್ಲುಗಳು ಬಿದ್ದವು. ಎಲ್‌ಟಿಟಿಇ ಜನರನ್ನು ಗುರಾಣಿಯಾಗಿ ಹಿಡಿದಿಟ್ಟು, ತಪ್ಪಿಸಿಕೊಳ್ಳುವವರಿಗೆ ಗುಂಡಿಕ್ಕಿ, ಮಕ್ಕಳ ಕೈಗೆ ಬಂದೂಕು ಕೊಟ್ಟಿತು. ಉತ್ತರದ ಮುಸ್ಲಿಮರನ್ನು ಅಕ್ಟೋಬರ್ 1990ರಲ್ಲಿ ಮನೆಮಠ ಬಿಡಿಸಿ ಓಡಿಸಿದ್ದೂ ಅದೇ. ಎರಡೂ ಪಕ್ಷಗಳ ಪಾತಕ ಒಂದೇ ವರದಿಯಲ್ಲಿ ದಾಖಲಾಗಿರುವಾಗ, ಅದನ್ನು ಉಗ್ರರ ಪರವಾದ ಪಿತೂರಿಯೆಂದು ಜರೆಯುವವರು ಅದನ್ನು ಓದಿಲ್ಲ, ಇಲ್ಲವೆ ಓದಿಯೂ ಸುಳ್ಳಾಡುತ್ತಿದ್ದಾರೆ.

ಇದು ನಮ್ಮ ಮನೆಯ ವಿಚಾರ, ನಾವೇ ಸರಿಪಡಿಸಿಕೊಳ್ಳುತ್ತೇವೆ ಎಂಬುದು ಕೊಲಂಬೊದ ಮುಖ್ಯ ವಾದ. ಈ ವಾದವನ್ನು ತೂಗಲು ಜೈನಾಗಮದ ಒಂದು ಅಳತೆಗೋಲು ಸಾಕು. ಪ್ರಾಯಶ್ಚಿತ್ತಕ್ಕೆ ಮೊದಲು ಆಲೋಚನೆ, ಅಂದರೆ ಮಾಡಿದ ದೋಷವನ್ನು ಮರೆಮಾಚದೆ ನಿವೇದಿಸುವುದು. ವಡ್ಡಾರಾಧನೆಯ ಕತೆಗಳ ಹಿನ್ನೆಲೆಯಲ್ಲಿರುವ ಭಗವತೀ ಆರಾಧನೆ ಈ ನಿವೇದನೆ ಕೆಡುವ ಹತ್ತು ಬಗೆಗಳನ್ನು ಎಣಿಸುತ್ತದೆ. ಪರರು ಕಂಡ ತಪ್ಪನ್ನಷ್ಟೇ ಒಪ್ಪಿ ಕಾಣದುದನ್ನು ಬಚ್ಚಿಡುವುದು ‘ದೃಷ್ಟ’. ಒಬ್ಬ ಗುರು ವಿಧಿಸಿದ ಪ್ರಾಯಶ್ಚಿತ್ತವನ್ನು ನಂಬದೆ ಹಲವರ ಬಳಿ ಅಲೆಯುವುದು ‘ಬಹುಜನ’. ತನ್ನಂತೆಯೇ ದೋಷಿಯಾದವನ ಮುಂದೆ ನಿವೇದಿಸುವುದು ‘ತತ್ಸೇವಿ’.

2010ರಲ್ಲಿ ಸರ್ಕಾರವೇ ನೇಮಿಸಿದ ‘ಕಲಿತ ಪಾಠಗಳು ಮತ್ತು ಸಾಮರಸ್ಯ’ ಆಯೋಗ ಸೇನೆಯ ಹೊಣೆಯನ್ನು ಬಹುಮಟ್ಟಿಗೆ ಹಗುರಗೊಳಿಸಿತು. ಅದು ಕೊಟ್ಟ ಉಪಯುಕ್ತ ಸಲಹೆಗಳೂ ಬಹುಪಾಲು ಕಡತದಲ್ಲೇ ಉಳಿದವು. 2015ರಲ್ಲಿ ಜಿನೀವಾದ ಮಾನವ ಹಕ್ಕುಗಳ ಮಂಡಳಿಯಲ್ಲಿ, ವಿದೇಶೀ ನ್ಯಾಯಾಧೀಶರೂ ಪಾಲ್ಗೊಳ್ಳುವ ನ್ಯಾಯವ್ಯವಸ್ಥೆಯ ನಿರ್ಣಯಕ್ಕೆ ಶ್ರೀಲಂಕಾ ತಾನೇ ಸಹಪ್ರಾಯೋಜಕವಾಯಿತು. ಸರ್ಕಾರ ಬದಲಾದದ್ದೇ ತಡ, 2020ರಲ್ಲಿ ಅದರಿಂದ ಹಿಂದೆ ಸರಿಯಿತು. ಅದೇ ವರ್ಷ ಮಾರ್ಚ್‌ನಲ್ಲಿ ಇನ್ನೊಂದು ಘಟನೆ. ಮಿರುಸುವಿಲ್‌ನಲ್ಲಿ 2000ದಲ್ಲಿ ಮಗುವೂ ಸೇರಿ ಎಂಟು ಮಂದಿ ತಮಿಳರನ್ನು ಕೊಂದ ಸೈನಿಕನಿಗೆ ದೇಶದ ನ್ಯಾಯಾಲಯವೇ ಮರಣದಂಡನೆ ವಿಧಿಸಿತ್ತು, ಸರ್ವೋಚ್ಚ ನ್ಯಾಯಾಲಯವೇ ಅದನ್ನು ಎತ್ತಿಹಿಡಿದಿತ್ತು. ರಾಷ್ಟ್ರಾಧ್ಯಕ್ಷರು ಅವನನ್ನು ಕ್ಷಮಿಸಿ ಬಿಡುಗಡೆ ಮಾಡಿದರು. ಮರಣದಂಡನೆ ಬೇಡವೆಂಬುದು ಅಹಿಂಸಾವಾದಿಗೆ ಸಮ್ಮತವೇ. ಆದರೆ ಶಿಕ್ಷೆಯನ್ನು ತಗ್ಗಿಸುವುದು ಬೇರೆ, ಅಪರಾಧವನ್ನು ಅಳಿಸುವುದು ಬೇರೆ. ನಮ್ಮ ಮನೆಯ ನ್ಯಾಯ ಸಾಕೆಂದವರು ತಮ್ಮ ಮನೆಯ ತೀರ್ಪನ್ನೂ ಉಳಿಸಿಕೊಳ್ಳಲಿಲ್ಲ.

ಹಾಗೆಂದು ಹೊರಗಿನ ನ್ಯಾಯಪೀಠ ನಿರ್ಮಲವೆ? 2008ರ ಸೆಪ್ಟೆಂಬರಿನಲ್ಲಿ ಸರ್ಕಾರದ ಸೂಚನೆಯಂತೆ ವಿಶ್ವಸಂಸ್ಥೆಯ ಸಿಬ್ಬಂದಿ ವನ್ನಿ ಪ್ರದೇಶವನ್ನು ತೊರೆದರು; ಅಲ್ಲಿಯ ಜನ ಸಾಕ್ಷಿಗಳಿಲ್ಲದೆ ಉಳಿದರು. ಇದು ತನ್ನ ವ್ಯವಸ್ಥೆಯದೇ ವೈಫಲ್ಯವೆಂದು ಆ ಸಂಸ್ಥೆಯ ಆಂತರಿಕ ಪರಾಮರ್ಶೆ 2012ರಲ್ಲಿ ಒಪ್ಪಿಕೊಂಡಿತು. ಮೇ 2009ರಲ್ಲಿ ವಿಜಯಿಯನ್ನು ಹೊಗಳುವ ನಿರ್ಣಯಕ್ಕೆ ಮಾನವ ಹಕ್ಕುಗಳ ಮಂಡಳಿಯಲ್ಲಿ ಬಹುಮತ ದೊರೆಯಿತು. ಭಾರತವೂ ಅದರ ಪರವಾಗಿತ್ತು. ಅದೇ ಭಾರತ 2012 ಮತ್ತು 2013ರಲ್ಲಿ ಶ್ರೀಲಂಕಾವನ್ನು ಪ್ರಶ್ನಿಸುವ ನಿರ್ಣಯಗಳ ಪರವಾಗಿ ಮತ ಹಾಕಿತು. 2014ರಲ್ಲಿ, ಮತ್ತೆ 2021ರಲ್ಲಿ ಮತದಾನದಿಂದ ದೂರ ಉಳಿಯಿತು. ಸತ್ತವರ ಸಂಖ್ಯೆ ಬದಲಾಗಿರಲಿಲ್ಲ, ರಾಜಕೀಯದ ಗಾಳಿ ಬದಲಾಗಿತ್ತು. ಇರಾಕಿನಲ್ಲಿ ತಾವು ಮಾಡಿದ್ದನ್ನು ನಿವೇದಿಸದ ರಾಷ್ಟ್ರಗಳು ಕೊಲಂಬೊಕ್ಕೆ ಧರ್ಮೋಪದೇಶ ಮಾಡುವಾಗ ‘ತತ್ಸೇವಿ’ ದೋಷ ನಿಚ್ಚಳವಾಗಿ ಕಾಣುತ್ತದೆ.

ಆದರೆ ಕೇಳುವವನು ದೋಷಿಯೆಂಬುದರಿಂದ ಮಾಡಿದವನು ನಿರ್ದೋಷಿಯಾಗುವುದಿಲ್ಲ. ಅದು ಇನ್ನೂ ಉತ್ತಮನಾದ ಗುರುವನ್ನು ಹುಡುಕಲು ಕಾರಣವೇ ಹೊರತು ಮೌನಕ್ಕೆ ಸಮರ್ಥನೆಯಲ್ಲ. ಕಿಲಿನೊಚ್ಚಿಯಲ್ಲಿ 2017ರ ಫೆಬ್ರವರಿಯಲ್ಲಿ ರಸ್ತೆಬದಿಯಲ್ಲಿ ಧರಣಿ ಕೂತ ತಾಯಂದಿರು ಯಾವ ದೇಶದ ವಿದೇಶಾಂಗ ನೀತಿಯನ್ನೂ ಕೇಳಲಿಲ್ಲ. ಸೇನೆಗೆ ಒಪ್ಪಿಸಿದ ಮಕ್ಕಳು ಎಲ್ಲಿ ಎಂದಷ್ಟೇ ಕೇಳಿದರು. ಉತ್ತರ ಸಿಗದೆ ಅವರಲ್ಲಿ ಹಲವರು ಕಣ್ಣುಮುಚ್ಚಿದ್ದಾರೆ. ಮರೆತರೆ ಮಾತ್ರ ಸಾಮರಸ್ಯ ಎನ್ನುವವರು ಈ ತಾಯಂದಿರ ಎದುರು ನಿಂತು ಆ ಮಾತನ್ನು ಹೇಳಲಿ.

ಮಹಾವಂಶದ ಅದೇ ಪರಿಚ್ಛೇದದಲ್ಲಿ ಇನ್ನೊಂದು ಸಂಗತಿಯೂ ಇದೆ. ಎಳಾರನು ಬಿದ್ದ ಸ್ಥಳದಲ್ಲಿ ದುಟ್ಠಗಾಮಣಿ ಸ್ಮಾರಕ ಕಟ್ಟಿಸಿ ಪೂಜೆಗೆ ಏರ್ಪಾಡು ಮಾಡಿದನು. ಆ ದಾರಿಯಲ್ಲಿ ಹೋಗುವ ಅರಸರು ವಾದ್ಯಗಳನ್ನು ನಿಲ್ಲಿಸುವುದು ರೂಢಿಯಾಯಿತು. ಜನವರಿ 2021ರಲ್ಲಿ ಯಾಳ್ಪಾಣದ ವಿಶ್ವವಿದ್ಯಾಲಯದಲ್ಲಿದ್ದ ಮುಳ್ಳಿವಾಯ್ಕಾಲ್ ಸ್ಮಾರಕವನ್ನು ರಾತ್ರೋರಾತ್ರಿ ಕೆಡವಲಾಯಿತು. ವಿದ್ಯಾರ್ಥಿಗಳು ಪ್ರತಿಭಟಿಸಿದ ಮೇಲಷ್ಟೇ ಅದು ಮತ್ತೆ ಎದ್ದಿತು. ದುಟ್ಠಗಾಮಣಿಯ ವಾರಸುದಾರರೆಂದು ಹೇಳಿಕೊಳ್ಳುವವರು ಅವನಿಂದ ಒಂದೂವರೆಯ ಲೆಕ್ಕವನ್ನು ಮಾತ್ರ ಕಲಿತರು. ನಿಲ್ಲಿಸಬೇಕಾದ ವಾದ್ಯ ಇನ್ನೂ ನಿಂತಿಲ್ಲ.