ಅಣು ಸ್ಥಾವರಗಳ ಮೇಲೆಲ್ಲ ಐಎಇಎ ಕಣ್ಣಿದೆಯೇ? ಚಳ್ಳಕೆರೆ, ಕೈಗಾದ ಉತ್ತರ ಬೇರೆ

ಹಿರೇಗುಂಟನೂರು, ಚಿತ್ರದುರ್ಗದ ಕಡೆ ಚಳ್ಳಕೆರೆಯ ಅಣು ಘಟಕದ ಮಾತು ಬಂದರೆ ಎರಡು ಬಗೆಯ ಉತ್ತರ ಸಿಗುತ್ತದೆ. 'ಅಲ್ಲಿ ಬಾಂಬ್ ಮಾಡ್ತಾರೆ' ಎಂಬುದು ಒಂದು. 'ಹಾಗೆಲ್ಲ ಮಾಡೋಕಾಗಲ್ಲ, ವಿಶ್ವಸಂಸ್ಥೆಯವರು ಬಂದು ತಪಾಸಣೆ ಮಾಡ್ತಾರೆ' ಎಂಬುದು ಇನ್ನೊಂದು. ನಾವು ಇಲ್ಲಿ ನೋಡುತ್ತಿರುವುದು ಎರಡನೆಯದನ್ನು. ಅದು ಸರಿಯಲ್ಲ.

ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆಯ (ಐಎಇಎ) ತಪಾಸಣೆಗೆ 'ಸೇಫ್‌ಗಾರ್ಡ್ಸ್' ಎನ್ನುತ್ತಾರೆ. ಅಪಘಾತ ತಡೆಯುವ ಸುರಕ್ಷತೆಗೂ ಇದಕ್ಕೂ ಸಂಬಂಧವಿಲ್ಲ. ಇದು ಮುಖ್ಯವಾಗಿ ಲೆಕ್ಕಪತ್ರದ ಕೆಲಸ. ಎಷ್ಟು ಯುರೇನಿಯಂ ಬಂತು, ಎಷ್ಟು ಉರಿಯಿತು, ಎಷ್ಟು ಉಳಿಯಿತು ಎಂದು ಪುಸ್ತಕ ನೋಡುತ್ತಾರೆ, ಪೀಪಾಯಿಗಳಿಗೆ ಸೀಲ್ ಹಾಕುತ್ತಾರೆ, ಕ್ಯಾಮೆರಾ ಇಡುತ್ತಾರೆ. 8 ಕಿಲೋ ಪ್ಲುಟೋನಿಯಂ ಲೆಕ್ಕಕ್ಕೆ ಸಿಗದಿದ್ದರೆ ಒಂದು ಬಾಂಬ್‌ಗೆ ಸಾಕಾಗಬಹುದು ಎಂಬುದು ಸಂಸ್ಥೆಯ ಅಳತೆಗೋಲು. ಕಳ್ಳತನವನ್ನು ತಡೆಯುವ ಪೊಲೀಸ್ ಬಲ ಅದಕ್ಕಿಲ್ಲ, ಬೇಗ ಪತ್ತೆ ಹಚ್ಚುವುದಷ್ಟೇ ಅದರ ಕೆಲಸ.

ಅಣ್ವಸ್ತ್ರ ಪ್ರಸರಣ ತಡೆ ಒಪ್ಪಂದಕ್ಕೆ ಅಣ್ವಸ್ತ್ರವಿಲ್ಲದ ದೇಶವಾಗಿ ಸಹಿ ಹಾಕಿದವರು ತಮ್ಮ ಎಲ್ಲ ಅಣು ವಸ್ತುವನ್ನೂ ಈ ಲೆಕ್ಕಕ್ಕೆ ಒಪ್ಪಿಸಬೇಕು. ಭಾರತ ಸಹಿ ಹಾಕಿಲ್ಲ. 1974ರ ಪೋಖ್ರಾನ್ ಸ್ಫೋಟಕ್ಕೆ ಬಳಸಿದ ಪ್ಲುಟೋನಿಯಂ ಬಂದದ್ದು ಕೆನಡಾ 'ಶಾಂತಿಯುತ ಬಳಕೆ'ಗೆಂದು ಕೊಟ್ಟಿದ್ದ ಸೈರಸ್ ರಿಯಾಕ್ಟರಿನಿಂದ. ಅದರ ಮೇಲೆ ಐಎಇಎ ತಪಾಸಣೆ ಇರಲಿಲ್ಲ, ಇದ್ದದ್ದು ಮಾತು ಮಾತ್ರ. ಅಣು ಇಂಧನ ಪೂರೈಸುವ ದೇಶಗಳು ಗುಂಪು ಕಟ್ಟಿಕೊಂಡು ನಿಯಮ ಬಿಗಿ ಮಾಡಿದ್ದು ಆ ಸ್ಫೋಟದ ನಂತರವೇ.

ಅಮೆರಿಕದ ಜೊತೆಗಿನ ಅಣು ಒಪ್ಪಂದದ ವೇಳೆ ಭಾರತ ತನ್ನ ಸ್ಥಾವರಗಳನ್ನು ನಾಗರಿಕ, ಸೈನಿಕ ಎಂದು ತಾನೇ ವಿಂಗಡಿಸಿತು. 2008ರಲ್ಲಿ ಐಎಇಎ ಒಪ್ಪಿದ ಒಪ್ಪಂದದಂತೆ, ತಪಾಸಣೆ ನಾಗರಿಕ ಎಂದು ಪಟ್ಟಿ ಮಾಡಿದವುಗಳಿಗೆ ಮಾತ್ರ. ಕೂಡಂಕುಳಂ ಪಟ್ಟಿಯಲ್ಲಿದೆ. ನಮ್ಮ ಮನೆಗಳಿಗೆ ಕರೆಂಟ್ ಕೊಡುವ ಕೈಗಾದ ನಾಲ್ಕು ರಿಯಾಕ್ಟರುಗಳನ್ನು ಆ ವಿಂಗಡಣೆಯಲ್ಲಿ ಹೊರಗೇ ಇಡಲಾಯಿತು. ಹಾಗೆಂದು ಅಲ್ಲಿ ಬಾಂಬ್‌ಗೆ ಸರಕು ಸಿದ್ಧವಾಗುತ್ತದೆ ಎಂದು ಹೇಳಲಾಗದು. ಆಗುತ್ತಿಲ್ಲ ಎಂದು ಹೊರಗಿನವರು ಖಾತ್ರಿ ಕೊಡುವ ಏರ್ಪಾಡಿಲ್ಲ, ಅಷ್ಟೇ.

ಚಳ್ಳಕೆರೆ ತಾಲ್ಲೂಕಿನ ಉಳ್ಳಾರ್ತಿ ಕಾವಲಿನಲ್ಲಿ ಬಿಎಆರ್‌ಸಿಗೆ 1,810 ಎಕರೆ ಹುಲ್ಲುಗಾವಲು ಕೊಡಲಾಗಿದೆ. (ಹೆಸರಿನ 'ಕಾವಲು' ದನ ಮೇಯುವ ಅಮೃತಮಹಲ್ ಕಾವಲು, ತಪಾಸಣೆಯದಲ್ಲ!) ಉದ್ದೇಶ ಯುರೇನಿಯಂ ಸಾಂದ್ರೀಕರಣ. ನಿಸರ್ಗದ ಯುರೇನಿಯಂನಲ್ಲಿ ಉಪಯುಕ್ತ ಭಾಗ ಶೇ. 0.7 ಮಾತ್ರ. ಕೆಲವು ಬಗೆಯ ವಿದ್ಯುತ್ ರಿಯಾಕ್ಟರುಗಳಿಗೆ ಅದು ಶೇ. 3ರಿಂದ 5 ಆಗಬೇಕು, ಬಾಂಬ್‌ಗೆ ಸುಮಾರು ಶೇ. 90. ಯಂತ್ರ ಅದೇ ಸೆಂಟ್ರಿಫ್ಯೂಜ್, ವ್ಯತ್ಯಾಸ ಎಷ್ಟು ಸಲ ಕಡೆಯುತ್ತೀರಿ ಎಂಬುದರಲ್ಲಿ. ಆದ್ದರಿಂದ ಸಾಂದ್ರೀಕರಣ ಘಟಕ ಎಲ್ಲಿದ್ದರೂ ತಪಾಸಣೆಯ ಪ್ರಶ್ನೆ ಹೆಚ್ಚು ತೂಕದ್ದು. ಈ ಘಟಕ ಸೇಫ್‌ಗಾರ್ಡ್ಸ್ ಅಡಿ ಬರುವುದಿಲ್ಲ, ಹಲವು ಬಗೆಯ ಬಳಕೆಯ ಆಯ್ಕೆ ಉಳಿಸಿಕೊಳ್ಳುತ್ತೇವೆ ಎಂದು 2011ರಲ್ಲಿ ಅಣುಶಕ್ತಿ ಆಯೋಗದ ಅಂದಿನ ಅಧ್ಯಕ್ಷ ಶ್ರೀಕುಮಾರ್ ಬ್ಯಾನರ್ಜಿ ತಾವೇ ಹೇಳಿದ್ದರು. ಮೈಸೂರಿನ ರಟ್ಟೆಹಳ್ಳಿ ಘಟಕವೂ ತಪಾಸಣೆಯ ಹೊರಗೇ ಇದೆ.