ಬೇಗೂರಿನ ಕಲ್ಲು, ಮಾಲ್‌ನ ನರಸಿಂಹ

2025ರ ಆಗಸ್ಟ್‌ನ ಒಂದು ಭಾನುವಾರ ವೈಟ್‌ಫೀಲ್ಡ್ ಕಡೆಯ ಮಾಲ್‌ನಲ್ಲಿ ‘ಮಹಾವತಾರ ನರಸಿಂಹ’ ನೋಡಿದೆ. ಅಶ್ವಿನ್ ಕುಮಾರ್ ನಿರ್ದೇಶಿಸಿ ನಮ್ಮ ಹೊಂಬಾಳೆಯವರು ಅರ್ಪಿಸಿದ, ಜುಲೈ 25ಕ್ಕೆ ತೆರೆಕಂಡ ಆನಿಮೇಷನ್ ಚಿತ್ರ. ಮುಂದಿನ ಸಾಲಿನಲ್ಲಿ ಅಪ್ಪ, ಅಮ್ಮ, ಐದು ವರ್ಷದ ಒಂದು ಮಗು. ಕಂಬ ಒಡೆಯುವ ತನಕ ಮಗು ಪಾಪ್‌ಕಾರ್ನ್ ಮೆಲ್ಲುತ್ತಿತ್ತು. ಆಮೇಲೆ ಅಮ್ಮನ ವೇಲಿನೊಳಗೆ ಮುಖ ಹುದುಗಿಸಿತು. ಅಪ್ಪ ಶಿಳ್ಳೆ ಹೊಡೆದ.

ಮಗು ಹೆದರಿದ್ದು ನನ್ನ ತಕರಾರಲ್ಲ. ಭಾಗವತದಲ್ಲಿ ಸಾಕ್ಷಾತ್ ಲಕ್ಷ್ಮಿಯೇ ಆ ರೂಪದ ಹತ್ತಿರ ಸುಳಿಯಲು ಅಂಜಿದವಳು, ಮಗುವಿನ ಪಾಡೇನು! ಹೊಯ್ಸಳರ ಗುಡಿಗಳ ಗೋಡೆಯಲ್ಲಿ ನರಸಿಂಹ ರಕ್ಕಸನ ಕರುಳು ಬಗೆಯುತ್ತ ಕೂತಿದ್ದಾನೆ. ಶಾಲಾ ಪ್ರವಾಸದ ಮಕ್ಕಳು ಅವನ ಮುಂದೆಯೇ ಸಾಲಾಗಿ ಹಾದುಹೋಗುತ್ತಾರೆ. ದೇವರ ಸಿನಿಮಾದಲ್ಲಿ ರಕ್ತವೇ ಬೇಡ ಎನ್ನುವವರ ಮಾತು ಅದಕ್ಕೇ ನನಗೆ ರುಚಿಸುವುದಿಲ್ಲ. ರಕ್ತವನ್ನೆಲ್ಲ ತೊಳೆದರೆ ಉಳಿಯುವುದು ಕ್ಯಾಲೆಂಡರಿನ ದೇವರು. ನನ್ನನ್ನು ಕಾಡುವುದು ಆ ಶಿಳ್ಳೆ.

ಎಲೆಕ್ಟ್ರಾನಿಕ್ ಸಿಟಿಗೆ ಹತ್ತಿರದಲ್ಲೇ ಬೇಗೂರಿದೆ. ‘ಬೆಂಗಳೂರು’ ಎಂಬ ಹೆಸರಿರುವ ಹಳೆಯ ಶಾಸನ ಅಲ್ಲಿನ ನಾಗೇಶ್ವರ ಗುಡಿಯಲ್ಲಿ ಸಿಕ್ಕಿತು, ಸುಮಾರು ಕ್ರಿ.ಶ. 890ರದ್ದು. ಬುಟ್ಟಣ ಸೆಟ್ಟಿ ಎಂಬಾತ ಬೆಂಗಳೂರು ಕಾಳಗದಲ್ಲಿ ಸತ್ತನೆನ್ನುತ್ತದೆ ಅದು. ಈ ಊರಿನ ಹೆಸರು ನಮಗೆ ಮೊದಲು ಸಿಗುವುದೇ ಒಂದು ಸಾವಿನ ಸುದ್ದಿಯಲ್ಲಿ. ನಮ್ಮ ವೀರಗಲ್ಲುಗಳಲ್ಲಿ ಸಾಮಾನ್ಯವಾಗಿ ಕೆಳಗೆ ಕಾಳಗ, ನಡುವೆ ವೀರನನ್ನು ಹೊತ್ತೊಯ್ಯುವ ಅಪ್ಸರೆಯರು, ಮೇಲೆ ಶಿವಸನ್ನಿಧಿ. ಆನೆ, ಕುದುರೆ, ಈಟಿ, ಉರುಳಿದ ಹೆಣ, ಯಾವುದನ್ನೂ ಶಿಲ್ಪಿ ಮುಚ್ಚಿಡಲಿಲ್ಲ. ಆದರೆ ಕಲ್ಲು ನೆಟ್ಟಿದ್ದು ಸತ್ತವನಿಗೆ, ಕೊಂದು ಮನೆಗೆ ಬಂದವನಿಗಲ್ಲ. ಬೆಂಗಳೂರು ಕರಗದ ಅಲಗು ಸೇವೆಯಲ್ಲೂ ವೀರಕುಮಾರರು ಕತ್ತಿ ಬಡಿದುಕೊಳ್ಳುವುದು ತಮ್ಮದೇ ಎದೆಗೆ.

ಕನ್ನಡದ ಹಳೆಯ ಭಕ್ತಿ ಚಿತ್ರಗಳೂ ಈ ಕಡೆಯವೇ. ರಾಜ್‌ಕುಮಾರ್ ನಾಯಕರಾದ ಮೊದಲ ಚಿತ್ರ, ಎಚ್‌.ಎಲ್‌.ಎನ್‌. ಸಿಂಹ ಅವರ ‘ಬೇಡರ ಕಣ್ಣಪ್ಪ’ (1954), ತನ್ನ ಕಣ್ಣನ್ನೇ ಕಿತ್ತು ಶಿವನಿಗೆ ಕೊಟ್ಟವನ ಕಥೆ. ಹುಣಸೂರು ಕೃಷ್ಣಮೂರ್ತಿಯವರ ‘ಭಕ್ತ ಕುಂಬಾರ’ (1974) ನಾನು ನೋಡಿದ್ದು ಟೆಂಟಿನಲ್ಲಿ. ಪೀಣ್ಯದ ಕಾರ್ಖಾನೆಯಲ್ಲಿ ಟರ್ನರ್ ಆಗಿದ್ದ ಮಾವ ವಾರದ ರಜೆಗೆ ಮನೆಮಂದಿಯನ್ನೆಲ್ಲ ಕರೆದೊಯ್ದಿದ್ದರು. ವಿಠಲನ ಧ್ಯಾನದಲ್ಲಿ ಮೈಮರೆತು ಮಣ್ಣು ತುಳಿಯುವ ಕುಂಬಾರ ಗೋರ, ಅತ್ತ ತೆವಳುವ ಅವನದೇ ಕೂಸು. ಅತ್ತೆ ಎದ್ದು ನಿಂತು ಪರದೆಗೇ ಕೂಗಿದರು: “ಅಯ್ಯಾ, ಕಾಲ್ ತೆಗಿ, ಮಗು ಐತೆ!” ಅಷ್ಟು ಭಯಾನಕವಾದದ್ದನ್ನು ಆಮೇಲೆ ಯಾವ ಗ್ರಾಫಿಕ್ಸಿನಲ್ಲೂ ನಾನು ಕಂಡಿಲ್ಲ. ಟೆಂಟಿನಲ್ಲಿ ಯಾರೂ ಶಿಳ್ಳೆ ಹೊಡೆಯಲಿಲ್ಲ. ಮಾತುಮಾತಿಗೆ ಶಿಳ್ಳೆ ಹಾಕುವ ಮಾವನೂ ಬೀಡಿ ಹಚ್ಚುವುದನ್ನೇ ಮರೆತಿದ್ದರು.

ಭಕ್ತನ ಮೈಮೇಲೆ ಬಿದ್ದ ಏಟಿಗೆ ನಾವು ನಡುಗುತ್ತೇವೆ, ಶತ್ರುವಿನ ಮೇಲೆ ಬಿದ್ದರೆ ಕುಣಿಯುತ್ತೇವೆ. ಈಗಿನ ಸಿನಿಮಾಗಳು ಈ ಎರಡನೆಯದನ್ನು ಚೆನ್ನಾಗಿ ಪತ್ತೆ ಮಾಡಿಕೊಂಡಿವೆ.

ಇದೇ ಅಳತೆಗೋಲು ಎಲ್ಲ ಕಡೆ ನಡೆಯುವುದಿಲ್ಲ, ಗೊತ್ತು. ಮೆಲ್ ಗಿಬ್ಸನ್‌ನ ‘ದಿ ಪ್ಯಾಷನ್ ಆಫ್ ದಿ ಕ್ರೈಸ್ಟ್’ನಲ್ಲಿ (2004) ಹರಿಯುವ ರಕ್ತ ಸ್ವತಃ ಏಸುವಿನದು. ಆದರೂ ಚಾವಟಿಯೇಟು ಅತಿಯಾಯಿತೆಂದು ಭಕ್ತರೇ ಗೊಣಗಿದರು. ಮರುವರ್ಷ ಗಿಬ್ಸನ್ ಸುಮಾರು ಐದು ನಿಮಿಷ ಕತ್ತರಿಸಿ ಮತ್ತೆ ಬಿಡುಗಡೆ ಮಾಡಿದ. ನಮ್ಮಲ್ಲಿ ಆ ಕೆಲಸವನ್ನು ಸೆನ್ಸಾರ್ ಮಾಡಲಿ ಅನ್ನುತ್ತಾರೆ. 2024ರ ನಿಯಮಗಳಲ್ಲಿ ‘ಯುಎ’ಯನ್ನು 7, 13, 16 ಎಂದು ವಯಸ್ಸಿನ ಪ್ರಕಾರ ಒಡೆದಿದ್ದಾರೆ. ಅದು ಹೆತ್ತವರಿಗೆ ಸೂಚನೆಯಷ್ಟೇ, ಗೇಟಿನಲ್ಲಿ ಟಿಕೆಟ್ ಸ್ಕ್ಯಾನ್ ಮಾಡುವ ಹುಡುಗ ಯಾರನ್ನೂ ತಡೆಯುವಂತಿಲ್ಲ. ತಡೆದರೂ “ದೇವರ ಸಿನಿಮಾ ಅಲ್ವೇನಪ್ಪ” ಅಂದರೆ ಮುಗಿಯಿತು.

ನರಸಿಂಹನ ಕಥೆಯಲ್ಲಿ ನಾವು ಮರೆಯುವ ಸಂಗತಿ ಒಂದಿದೆ. ಹೊಸ್ತಿಲ ಮೇಲೆ ಸತ್ತವನು ಪ್ರಹ್ಲಾದನ ಅಪ್ಪ. 1983ರ ‘ಭಕ್ತ ಪ್ರಹ್ಲಾದ’ದಲ್ಲಿ ಅದನ್ನು ಮರೆಯಲು ಆಗುತ್ತಲೇ ಇರಲಿಲ್ಲ: ಹಿರಣ್ಯಕಶಿಪು ರಾಜ್‌ಕುಮಾರ್, ಪ್ರಹ್ಲಾದ ಅವರದೇ ಮಗ, ಆಗಿನ್ನೂ ಮಾಸ್ಟರ್ ಲೋಹಿತ್ ಆಗಿದ್ದ ಪುನೀತ್. ಆ ಅಪ್ಪ ಅಬ್ಬರಿಸಿದಷ್ಟೂ ಆ ಮಗನ ಕಡೆಗೇ ನಮ್ಮ ಕಣ್ಣು ಹೋಗುತ್ತಿತ್ತು. ಭಾಗವತದ ಪ್ರಹ್ಲಾದನೂ ಕೊನೆಗೆ ದೇವರಲ್ಲಿ ಬೇಡುವುದು ತನ್ನಪ್ಪನಿಗೆ ಸದ್ಗತಿಯನ್ನು. ಸಂಹಾರವಾದ ಮೇಲೂ ನರಸಿಂಹನ ಸಿಟ್ಟು ಇಳಿಯುವುದಿಲ್ಲ, ದೇವತೆಗಳೆಲ್ಲ ದೂರ ನಿಂತು ಸ್ತುತಿಸಿದರೂ ಇಳಿಯುವುದಿಲ್ಲ. ಹತ್ತಿರ ಹೋಗಬೇಕಾದವನು ಆ ಹುಡುಗನೇ.

ಮಾಲ್‌ನಲ್ಲಿ ಅಷ್ಟು ಹೊತ್ತಿಗೆ ಅರ್ಧ ಹಾಲ್ ಎದ್ದು ನಿಂತಿತ್ತು. ಬೇಸ್‌ಮೆಂಟಿನಿಂದ ಕಾರು ತೆಗೆಯಲು ಇಪ್ಪತ್ತು ನಿಮಿಷ ಬೇಕು, ವರ್ತೂರು ರಸ್ತೆಯ ಟ್ರಾಫಿಕ್ ಬೇರೆ. ಮುಂದಿನ ಸಾಲಿನ ಅಪ್ಪ ಪಾರ್ಕಿಂಗ್ ಚೀಟಿಗಾಗಿ ಜೇಬು ತಡಕುತ್ತಿದ್ದ. ಮಗು ಆಗ ತಾನೇ ವೇಲಿನಿಂದ ಮುಖ ಹೊರಗೆ ತೆಗೆದು, ಸೀಟಿನ ಮೇಲೆ ನಿಂತು, ಎದುರು ನಿಂತವರ ತಲೆಗಳ ಸಂದಿಯಿಂದ ಪರದೆಯತ್ತ ಇಣುಕುತ್ತಿತ್ತು. “ನಡಿ ನಡಿ, ಮುಗೀತು” ಎಂದು ಅವನು ಅದನ್ನು ಎತ್ತಿಕೊಂಡ.