ಬರಿದಾದ ಗಾಜಿನ ಸೀಸೆ

ಮರಳು, ಸೋಡಾ, ಸುಣ್ಣಕಲ್ಲುಗಳನ್ನು ಸುಮಾರು 1500 ಡಿಗ್ರಿ ಸೆಂಟಿಗ್ರೇಡ್ ಉಷ್ಣದಲ್ಲಿ ಕರಗಿಸಿದ ಮೇಲೆ ರೂಪುಗೊಳ್ಳುವ ವಸ್ತು ಗಾಜು. ಇಷ್ಟು ಅಗ್ನಿಯನ್ನುಂಡು ಹುಟ್ಟಿದ ಸೀಸೆಯನ್ನು ಅದರೊಳಗಿನ ಜಾಮು ಮುಗಿದೊಡನೆ ತಿಪ್ಪೆಗೆಸೆಯುವುದು, ಅದನ್ನು ಮಾಡಿದವರ ಕಾಯಕಕ್ಕೆ ತೋರುವ ಅಗೌರವವೆಂದೇ ಹೇಳಬೇಕು.

ಕನ್ನಡ ನಾಡಿನ ತಾಯಂದಿರಿಗೆ ಇದನ್ನು ಯಾರೂ ಬೋಧಿಸಬೇಕಾಗಿರಲಿಲ್ಲ. ಹಾರ್ಲಿಕ್ಸ್ ಗಾಜಿನ ಸೀಸೆಯಲ್ಲಿ ಬರುತ್ತಿದ್ದ ಕಾಲದಲ್ಲಿ ಅದು ಬರಿದಾಗುವುದನ್ನೇ ಅಡುಗೆಮನೆ ಕಾಯುತ್ತಿತ್ತು. ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಸಾಸಿವೆ, ಜೀರಿಗೆ, ಮುಂದಿನ ಬಿತ್ತನೆಗೆಂದು ಎತ್ತಿಟ್ಟ ಹೀರೆ ಸವತೆಗಳ ಬೀಜ, ಎಲ್ಲಕ್ಕೂ ಅದೇ ಆಶ್ರಯ. ಮಸಿಯ ದೌತಿಯ ಮುಚ್ಚಳಕ್ಕೆ ರಂಧ್ರ ಕೊರೆದು ಬತ್ತಿಯಿಳಿಸಿದರೆ ಅದೇ ಚಿಮಣಿ ದೀಪ. ಆ ಬೆಳಕಿನಲ್ಲಿ ಓದಿ ಮುಂದೆ ಬಂದವರು ಈ ಸಂಪುಟದ ವಾಚಕರಲ್ಲಿಯೂ ಇದ್ದಾರು. (ಉರುಳಿದರೆ ಉರಿ ಹತ್ತುವ ಆ ದೀಪವೇ ಮತ್ತೆ ಬರಲೆಂದು ಯಾರೂ ಹಾರೈಸಬೇಕಾಗಿಲ್ಲ.)

ಈಗಿನ ಅಭಿರುಚಿ ಬೇರೆ. ಹಳೆಯ ಸೀಸೆ ಕಪಾಟಿನಲ್ಲಿದ್ದರೆ ದಾರಿದ್ರ್ಯದ ಲಕ್ಷಣವೆಂದು ಬಗೆದು, ಒಂದೇ ಎತ್ತರದ ಹೊಸ ಪ್ಲಾಸ್ಟಿಕ್ ಡಬ್ಬಗಳ ಸಾಲನ್ನು ಕೊಂಡು ತರುವವರುಂಟು. ಆ ಡಬ್ಬ ಅರಿಸಿನದ ಬಣ್ಣವನ್ನೂ ಉಪ್ಪಿನಕಾಯಿಯ ವಾಸನೆಯನ್ನೂ ಹೀರಿ ಕುಂದುತ್ತದೆ. ಗಾಜಾದರೋ ಹುಳಿಗೂ ಉಪ್ಪಿಗೂ ನಿರ್ಲಿಪ್ತ. ಮಿತವ್ಯಯವನ್ನು ಜಿಪುಣತನವೆಂದು ಹೀಗಳೆಯುವುದು ವಿವೇಕವೆನಿಸದು.

ಆದರೆ ಎಲ್ಲ ಸೀಸೆಗಳೂ ಒಂದೇ ಅಲ್ಲ. ಕೀಟನಾಶಕ, ಫಿನಾಯಿಲ್, ಆಮ್ಲಗಳಿದ್ದುದನ್ನು ಎಷ್ಟು ತೊಳೆದರೂ ಆಹಾರಕ್ಕೆ ಬಳಸಕೂಡದು. ಅಷ್ಟೇ ಅನರ್ಥಕಾರಿಯಾದುದು, ತಿನಿಸಿನ ಸೀಸೆಯಲ್ಲಿ ವಿಷದ್ರವವನ್ನು ತುಂಬಿಡುವ ದುರಭ್ಯಾಸ. ಮಗುವಿನ ಕಣ್ಣು ಸೀಸೆಯನ್ನು ಗುರುತಿಸುತ್ತದೆಯೇ ಹೊರತು ಒಳಗಿನದನ್ನಲ್ಲ.

ಪ್ರಸಾದದ ಒಂದಗುಳನ್ನೂ ಚೆಲ್ಲಬಾರದೆಂದು ಪ್ರಸಾದ ನಿಲಯದ ಮಕ್ಕಳಿಗೆ ಕಲಿಸುವ ಸಂಸ್ಥೆಗಳು ಪದಾರ್ಥವನ್ನಿರಿಸಿದ ಪಾತ್ರೆಯ ವಿಷಯವನ್ನೂ ಕಲಿಸುವುದು ಉಚಿತ. ಸೀಸೆಯನ್ನು ಬೆಚ್ಚನೆಯ ನೀರಿನಲ್ಲಿ ನೆನೆಯಿಸಿ ಚೀಟಿಯನ್ನು ಬಿಡಿಸುವುದು, ಹನಿ ತೇವವೂ ಉಳಿಯದಂತೆ ಬಿಸಿಲಿನಲ್ಲಿ ಒಣಗಿಸುವುದು, ತಣ್ಣಗಿರುವಾಗ ಅದಕ್ಕೆ ಕುದಿಯುವ ಪದಾರ್ಥವನ್ನು ಸುರಿಯದಿರುವುದು ಇವೆಲ್ಲ ಕೈಯಿಂದ ಮಾಡಿಯೇ ತಿಳಿಯಬೇಕಾದವು. ಒಳಮೈ ಹಿಗ್ಗಿ ಹೊರಮೈ ಹಿಗ್ಗದಿದ್ದರೆ ಗಾಜು ಸೀಳುತ್ತದೆಂಬ ವಿಜ್ಞಾನದ ಪಾಠವೂ ಅಲ್ಲಿಯೇ ಆದೀತು. ತಗಡಿನ ಮುಚ್ಚಳಕ್ಕೆ ಉಪ್ಪಿನಿಂದ ತುಕ್ಕು ಹಿಡಿದಲ್ಲಿ ಅದನ್ನು ಬಿಸುಟು, ಹಿಂದಿನವರು ಭರಣಿಗೆ ಕಟ್ಟುತ್ತಿದ್ದಂತೆ ಸೀಸೆಯ ಬಾಯಿಗೆ ಒಣಗಿದ ಬಿಳಿಯ ಬಟ್ಟೆಯನ್ನು ಬಿಗಿದು ಕಟ್ಟಿದರೆ ಸಾಕು.